ಆಡದೆ ಬಿಟ್ಟ ಫೈನಲ್

ಎಪ್ಪತ್ತನಾಲ್ಕನೇ ಇಸವಿ. ಜಯನಗರದ ಸೀಮೆಎಣ್ಣೆ ಕ್ಯೂ ಕನಕಪುರ ಮುಟ್ಟುವಷ್ಟು ಉದ್ದವಿತ್ತು. ಕೆಂಪಕ್ಕನ ಮುಂದೆ ಸಂಜೀವಯ್ಯ, ಅವನ ಭಾಮೈದ ಪಿಳ್ಳಣ್ಣ ಮಾತಾಡುತ್ತಿದ್ದರು.

"ಭಾವ, ನಾಳೆ ಮಗಳ ಟೆನಿಸ್ ಫೈನಲ್ ಅಲ್ವಾ?"

"ಆಡಲ್ವಂತೆ ಕಣೋ."

"ಯಾಕೆ, ಕಾಲು ಉಳುಕ್ತಾ?"

"ಆ ಕ್ಲಬ್ಬಲ್ಲಿ ನಮ್ ಜನಕ್ಕೆ ಬೇರೆ ಲೋಟ ಇಟ್ಟವ್ರೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನ ದೂರ ಇಡ್ತಾರೆ ಅಂತ ನಮ್ ದೇಶನೇ ಡೇವಿಸ್ ಕಪ್ ಫೈನಲ್ ಬಿಡ್ತು, ನಾನು ಆಡ್ಲಾ ಅಂದ್ಳು."

"ಕಪ್ಪೇ ಹೋಯ್ತಲ್ಲ!"

"ನಾನಾಗಿದ್ರೆ ಆ ಲೋಟದಲ್ಲೇ ತೆಪ್ಪಗೆ ನೀರು ಕುಡ್ದು ಆಡ್ತಿದ್ದೆ. ಆ ಎದೆಗಾರಿಕೆ ಎಲ್ಲಿಂದ ಬಂತೋ! ಈಗ ಒಬ್ಳೇ ಹೋಗವ್ಳೆ, ಕ್ಲಬ್ಬಿನವ್ರ ಮುಖದ್ ಮೇಲೆ ಹೇಳೋಕೆ."

"ಒಬ್ಳೇನಾ? ನಡೀರಿ ಭಾವ!"

ಇಬ್ಬರೂ ಕ್ಯೂ ಬಿಟ್ಟು ಓಡಿದರು. ಕೆಂಪಕ್ಕ ಅವರ ಖಾಲಿ ಡಬ್ಬಗಳನ್ನು ತನ್ನ ಡಬ್ಬದ ಮುಂದೆಯೇ ಸರಿಸುತ್ತಾ ಸಾಗಿದಳು.