ಆರು ಸಾಲಿಗೆ ಇಳಿಸಿದ ತೀರ್ಪು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನ್ಯಾಯಮೂರ್ತಿಗಳೇ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಸಂಪಾದಕ ಬಳಗದವರೇ, ಸಭಿಕರೇ,

ಅಧ್ಯಕ್ಷರು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಮೂವತ್ತೆರಡು ವರ್ಷಗಳಲ್ಲಿ ಆರ್ಡಿಸ್ ಲಿಂಡ್‌ಕ್ವಿಸ್ಟ್ ಬರೆದ ಒಂದು ಸಾರಾಂಶಕ್ಕೂ ತಿದ್ದುಪಡಿ ಬಂದಿಲ್ಲ ಎಂದರು. ಬಂದಿಲ್ಲ, ನಿಜ. ಯಾಕೆ ಬಂದಿಲ್ಲ ಎಂಬುದನ್ನು ಬೀಳ್ಕೊಡುಗೆಯ ದಿನವಾದರೂ ಹೇಳಬೇಡವೇ?

ಸಂಪಾದಕರ ಮನೆಯವರಿಗಾಗಿ ಒಂದು ಮಾತು. ನಮ್ಮ ಮಿನೆಸೋಟ ರಾಜ್ಯದ ನ್ಯಾಯಾಧೀಶರು ನಲವತ್ತು ಪುಟದ ತೀರ್ಪು ಬರೆಯುತ್ತಾರೆ. ನಾವು ಅದನ್ನು ಆರು ಸಾಲಿಗೆ ಇಳಿಸಿ, ನಮ್ಮ ತೀರ್ಪುಗಳ ಪುಸ್ತಕದಲ್ಲಿ ತೀರ್ಪಿನ ಮೇಲ್ಗಡೆ ಅಚ್ಚು ಹಾಕುತ್ತೇವೆ. ನಲವತ್ತು ಪುಟ ಯಾರು ಓದುತ್ತಾರೆ? ವಕೀಲರು ಓದುವುದು ನಮ್ಮ ಆರು ಸಾಲನ್ನೇ. "ನೀನು ನಮ್ಮ ಮದುವೆನೂ ಆರು ಸಾಲಲ್ಲಿ ಮುಗಿಸ್ತೀಯ" ಎಂದು ನನ್ನ ಗಂಡ ರಾಯ್ ಛೇಡಿಸುತ್ತಿದ್ದ. ವಿಚ್ಛೇದನದ ಆದೇಶಕ್ಕೆ ನಾಲ್ಕೇ ಸಾಲು ಸಾಕಾಯಿತು.

ಅಡಿಟಿಪ್ಪಣಿಗಳನ್ನು ಸಾರಾಂಶಕ್ಕೆ ತರಬಾರದು ಎಂಬುದು ನಮ್ಮ ಪ್ರಕಾಶನದ ಪದ್ಧತಿ. ಇಪ್ಪತ್ತೊಂದು ವರ್ಷದ ಹಿಂದೆ ಒಂದು ತೀರ್ಪು ಬಂತು. ಕೆಲಸದಲ್ಲಿ ಗಾಯಗೊಂಡವರು ಪರಿಹಾರದ ಆದೇಶ ಬಂದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸದಿದ್ದರೆ ಹಕ್ಕು ಹೋಯಿತು ಎಂದಿತ್ತು. ಅದನ್ನು ಬರೆದೆ. ಆಸ್ಪತ್ರೆಯಲ್ಲಿದ್ದ ದಿನಗಳನ್ನು ಆ ಮೂವತ್ತರಲ್ಲಿ ಸೇರಿಸಕೂಡದು ಎಂದು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು. ಅದನ್ನು ಬಿಟ್ಟೆ.

ಮರುವರ್ಷ ಬರ್ನೀಸ್ ನೊವಾಕ್ ಎಂಬಾಕೆಯ ಕಾಗದ ಬಂತು. ಹಂದಿಮಾಂಸದ ಕಾರ್ಖಾನೆಯಲ್ಲಿ ಬಲಗೈ ಕಳೆದುಕೊಂಡವರು. ಪರಿಹಾರವಿಲ್ಲ ಎಂಬ ಆದೇಶ ಹೊರಬಿದ್ದಾಗ ಗಾಯ ನಂಜಾಗಿ ಮತ್ತೆ ಆಸ್ಪತ್ರೆಯಲ್ಲಿದ್ದರು. "ನಮ್ ವಕೀಲರು ನಿಮ್ ಪುಸ್ತಕ ತೋರ್ಸಿ, ತಡ ಆಯ್ತು, ಇನ್ನೇನೂ ಮಾಡಕ್ಕಾಗಲ್ಲ ಅಂದ್ರು. ಇದು ನಿಜಾನಾ?" ಎಂದು ಎಡಗೈಯಲ್ಲಿ ಬರೆದಿದ್ದರು.

ಆಸ್ಪತ್ರೆಯ ದಿನಗಳನ್ನು ಕಳೆದು ಲೆಕ್ಕ ಹಾಕಿದೆ. ಕಾಗದ ನನ್ನ ಕೈಸೇರಿದ ದಿನ ಆಕೆಗೆ ಮೇಲ್ಮನವಿಗೆ ಇನ್ನೂ ಹನ್ನೊಂದು ದಿನ ಇತ್ತು, ಸಭಿಕರೇ. ಹನ್ನೊಂದು ದಿನ!

ಅಂದಿನ ಪ್ರಧಾನ ಸಂಪಾದಕ ಮಿಲ್ಟನ್ ಬಳಿ ಓಡಿದೆ. "ಪದ್ಧತಿ ಪ್ರಕಾರ ಬರ್ದಿದೀಯ, ಸುಮ್ನಿರು ಆರ್ಡಿಸ್. ಒಂದು ತಪ್ಪು ಒಪ್ಕೊಂಡ್ರೆ ಉಳಿದಿದ್ದನ್ನ ಯಾರು ನಂಬ್ತಾರೆ? ಮುಂದಿನ ತಿಂಗಳು ನನ್ನ ಕುರ್ಚಿ ಬೇರೆ ನಿಂಗೇ ಬರತ್ತೆ" ಎಂದ. ಅವನ ಮೇಲೆ ತಪ್ಪು ಹೊರಿಸಲಾರೆ. ಆ ಮಾತು ನನಗೂ ಬೇಕಾಗಿತ್ತು. "ನಮ್ಮ ಸಾರಾಂಶಗಳು ಕಾನೂನು ಸಲಹೆಯಲ್ಲ" ಎಂದು ಒಂದು ಸಾಲಿನ ಉತ್ತರ ಬರೆದು, ಕುರ್ಚಿಯಲ್ಲಿ ಕೂತೆ.

ಹೋದ ತಿಂಗಳು ಆಕೆಯ ಊರಿಗೆ ಹೋಗಿ ಬಾಗಿಲು ತಟ್ಟಿದೆ. ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಎಡಗೈಯಲ್ಲೇ ಕಾಫಿ ಬಗ್ಗಿಸುತ್ತಾ, "ಜ್ವರ ಇದ್ರೂ ಹಾಸಿಗೆ ಬಿಟ್ಟು ಏಳ್ಬೇಕಿತ್ತು, ನಂದೇ ಸೋಮಾರಿತನ ಅಂತ ಇಪ್ಪತ್ತು ವರ್ಷ ನನ್ನನ್ನೇ ಬೈಕೊಂಡೆ. ಹಾಗಾದ್ರೆ ನಂದೇನೂ ತಪ್ಪಿರ್ಲಿಲ್ವಾ?" ಎಂದರು.

"ಇರಲಿಲ್ಲ" ಎಂದೆ. ಆಗ ಅವರು ಅತ್ತರು.

ನಿಮ್ಮ ಪ್ರೀತಿಗೆ, ಊಟಕ್ಕೆ, ಇಷ್ಟು ಹೊತ್ತು ಕೇಳಿದ ತಾಳ್ಮೆಗೆ ಋಣಿ. ಆ ಸಾರಾಂಶದ ತಿದ್ದುಪಡಿಯನ್ನು ಇವತ್ತು ಬೆಳಿಗ್ಗೆ ಅಚ್ಚಿಗೆ ಕೊಟ್ಟು ಬಂದಿದ್ದೇನೆ. ಒಂದೂವರೆ ಸಾಲು. ಬರೆಯಲು ನಾಲ್ಕು ನಿಮಿಷ ಹಿಡಿಯಿತು.

ನಮಸ್ಕಾರ.