ಬಿಡುಗಡೆಯಾಗದ ಆರನೆಯ ಕ್ಯಾಸೆಟ್

ನನ್ನ ಹೆಸರು ತರುಣ, ತಂದೆಯ ಹೆಸರು ರಾಮದಾಸ, ವಯಸ್ಸು 18 ವರ್ಷ 4 ತಿಂಗಳು, ಉದ್ಯೋಗ ವಿದ್ಯಾರ್ಥಿ (ಎಂ.ಎಸ್ಸಿ. ಐದು ವರ್ಷದ ಕೋರ್ಸು, ಮೊದಲ ವರ್ಷ), ಹಾಲಿ ವಾಸ ಹಾಸ್ಟೆಲ್ ಕೋಣೆ ಸಂಖ್ಯೆ 114, ಗಚ್ಚಿಬೌಲಿ, ಹೈದರಾಬಾದ್, ಸ್ವಂತ ಊರು ಗುಲ್ಬರ್ಗಾ. ದಿನಾಂಕ 17-11-2007 ಶನಿವಾರ ಮಧ್ಯಾಹ್ನ 3-50ಕ್ಕೆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಹಣಮಂತರಾಯ ಸಾಹೇಬರ ಎದುರು ಕುಳಿತು, ನನ್ನ ಕೈಯಿಂದಲೇ ಬರೆದು ತಿಳಿಸುವುದೇನೆಂದರೆ:

ನನಗೆ ತೆಲುಗು ಬರೆಯಲು ಬರುವುದಿಲ್ಲ. ಮಾತನಾಡಲು ಸ್ವಲ್ಪ ಬರುತ್ತದೆ. ಆ ಸ್ವಲ್ಪದಿಂದಲೇ ಇವತ್ತಿನ ತೊಂದರೆ ಆಗಿದೆ. ಐದನೇ ತರಗತಿಯಿಂದ ಬೋರ್ಡಿಂಗ್ ಶಾಲೆಯಲ್ಲಿ ಓದಿದ್ದರಿಂದ ನನ್ನ ಕನ್ನಡವೂ ಪೂರ್ತಿ ಅಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯಲೇ ಎಂದು ಕೇಳಿದೆ. ಹಣಮಂತರಾಯ ಸಾಹೇಬರು ಮಖ್ತಲ್ ಕಡೆಯವರು, ಮನೆಮಾತು ಕನ್ನಡ. ಟಿವಿ ರಿಪೇರಿಯ ಆ ಮುದುಕನ ಮೇಲೆ ಬಂದ ಮಾತು ಅವನು ಓದಬಲ್ಲ ಭಾಷೆಯಲ್ಲಿರಲಿ, ತೆಲುಗಿಗೆ ನಾನು ಮಾಡಿಕೊಳ್ಳುತ್ತೇನೆ ಎಂದು ಹೇಳಿದರು. ಯಾರು ಏನೆಂದರೋ ಹಾಗೇ ಬರೆ, ಚಂದ ಮಾಡಬೇಡ ಎಂದೂ ಹೇಳಿದ್ದಾರೆ.

ನಾನು ಟಿವಿಗೆ ಜೋಡಿಸಿ ಆಡುವ ಹಳೆಯ ಕಾಲದ ವಿಡಿಯೋ ಗೇಮಿನ ಕ್ಯಾಸೆಟ್‌ಗಳನ್ನು ಕೂಡಿಸಿ ಇಡುತ್ತೇನೆ. ಕ್ಯಾಸೆಟ್ ಎಂದರೆ ಹಾಡಿನದಲ್ಲ, ಸಿನಿಮಾದ್ದೂ ಅಲ್ಲ. ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಚಿಪ್ಪು, ಟೇಪು ಇರುವುದಿಲ್ಲ. ಕೆಲವು ಆಟಗಳನ್ನು ಕಂಪನಿಗಳು ಅರ್ಧವೋ ಮುಕ್ಕಾಲೋ ತಯಾರು ಮಾಡಿ ಮಾರುಕಟ್ಟೆಗೆ ತರದೆ ಬಿಟ್ಟಿವೆ. ಹದಿನೈದು ವರ್ಷದ ಮೇಲೆ ಅವುಗಳ ಫೈಲು ಯಾರದೋ ಹಳೆಯ ಸಾಮಾನಿನಲ್ಲಿ ಸಿಕ್ಕಿ ಇಂಟರ್ನೆಟ್ಟಿಗೆ ಬರುತ್ತದೆ. ಕಂಪ್ಯೂಟರಿನಲ್ಲೂ ಆಡಬಹುದು. ಆದರೆ ನನಗೆ ಅವು ಕ್ಯಾಸೆಟ್ ಆಗಿಯೇ ಬೇಕಿತ್ತು. ಬೋರ್ಡಿಂಗಿನಲ್ಲಿ ಗೇಮ್ ಆಡಲು ಬಿಡುತ್ತಿರಲಿಲ್ಲ. ಕ್ಯಾಸೆಟ್ಟನ್ನು ಟ್ರಂಕಿನಲ್ಲಿ ಇಟ್ಟುಕೊಂಡರೆ ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ, ಟಿವಿ ಇಲ್ಲದೆ ಅದು ಬರೀ ಡಬ್ಬಿ. ಆ ಅಭ್ಯಾಸ ಹೋಗಿಲ್ಲ.

ಬೇಗಂಪೇಟೆ ರೈಲು ನಿಲ್ದಾಣದಿಂದ ಸುಮಾರು 300 ಮೀಟರ್ ದೂರದಲ್ಲಿ, ಎಡಗಡೆಯ ಎರಡನೇ ಗಲ್ಲಿಯಲ್ಲಿ ಶಾಂತಪ್ಪನವರ ಟಿವಿ ರಿಪೇರಿ ಅಂಗಡಿ ಇದೆ. ಅವರ ವಯಸ್ಸು 61, ಊರು ಚಿಂಚೋಳಿ, ಇಲ್ಲಿಗೆ ಬಂದು 26 ವರ್ಷ. ಆಗಸ್ಟ್ ತಿಂಗಳಲ್ಲಿ ನಾನು ಆ ಫೈಲುಗಳನ್ನು ಕ್ಯಾಸೆಟ್ ಮಾಡಿಕೊಡುತ್ತೀರಾ ಎಂದು ನಾಲ್ಕು ಅಂಗಡಿಗಳಲ್ಲಿ ಕೇಳಿ, ನಾಲ್ಕರಲ್ಲೂ ನಗೆಪಾಟಲಾಗಿ, ಐದನೆಯದಾಗಿ ಅಲ್ಲಿಗೆ ಹೋದೆ. ಶಾಂತಪ್ಪನವರು ಕೈ ಸುಟ್ಟುಕೊಂಡು ಸೋಲ್ಡರಿಂಗ್ ಕಡ್ಡಿಗೆ ಕನ್ನಡದಲ್ಲಿ ಬೈಯುತ್ತಿದ್ದರು. ನಾನು ಹೈದರಾಬಾದಿಗೆ ಬಂದ ಮೇಲೆ ಫೋನಿನ ಹೊರಗೆ ಕೇಳಿದ ಮೊದಲ ಕನ್ನಡ ಅದು. ನಾನು ವಿಷಯ ಹೇಳಿದ ಮೇಲೆ, ಯಾರೂ ಬ್ಯಾಡಂದಿದ್ದನ್ನ ಹುಡುಕ್ಕೋತ ಬಂದೀಯಲ್ಲಪಾ, ಕೂಡು ಎಂದರು.

ಅವರು ಹಾಳಾದ ಕ್ಯಾಸೆಟ್ ಬಿಚ್ಚಿ, ಒಳಗಿನ ಚಿಪ್ಪು ತೆಗೆದು, ಬೇರೆ ಚಿಪ್ಪಿಗೆ ನನ್ನ ಫೈಲು ಬರೆದು ಕೂರಿಸುತ್ತಾರೆ. ಆ ಚಿಪ್ಪಿನ ನಡುವೆ ಗಾಜಿನ ಸಣ್ಣ ಕಿಂಡಿ ಇರುತ್ತದೆ. ಬರೆದಾದ ಮೇಲೆ ಅದಕ್ಕೆ ಕಾಗದದ ಪಟ್ಟಿ ಅಂಟಿಸಬೇಕು. ಇಲ್ಲದಿದ್ದರೆ ದಿನಗಟ್ಟಲೆ ಬಿಸಿಲು ಬಿದ್ದಾಗ ಬರೆದದ್ದು ಅಳಿಸಿಹೋಗುತ್ತದೆ. ಶಾಂತಪ್ಪನವರು ಆ ಕಿಂಡಿಗೆ ಕಣ್ಣು ಎನ್ನುತ್ತಾರೆ. ಅವರು ನನಗೆ ಹಾಕಿದ ಶರ್ತು ಒಂದೇ, ಡಬ್ಬಿಯ ಮೇಲಿನ ಚೀಟಿ ಕನ್ನಡದಲ್ಲಿ ಬರೆಯಬೇಕು. ಮಾಡಿದ್ದೇನಂತ ಮಾಡಿದಂವಗರೆ ತಿಳೀಬೇಕಲ್ಲ ಎಂದರು. ನಾನು ಬಿಡಗಡೆ ಎಂದು ತಪ್ಪು ಬರೆದೆ, ಅವರು ತಿದ್ದಿದರು. ಚೀಟಿ ಚಿಕ್ಕದಾದ್ದರಿಂದ ಆಟ ಎಂಬ ಪದ ಹಿಡಿಯಲಿಲ್ಲ. ‘ಬಿಡುಗಡೆಯಾಗದ್ದು – 1’ ಎಂದು ಬರೆದೆ. ಹೀಗೆ ಮೂರು ತಿಂಗಳಲ್ಲಿ ಆರು ಆದವು.

ನಿನ್ನೆ ಶುಕ್ರವಾರ ಸಂಜೆ 4-20ಕ್ಕೆ, ಮತ್ತೊಮ್ಮೆ ಪರೀಕ್ಷಿಸಲು ಹಾಸ್ಟೆಲಿನಿಂದ ತಂದಿದ್ದ ಐದು ಕ್ಯಾಸೆಟ್ ತೆಗೆದುಕೊಂಡು ಅಂಗಡಿಯಿಂದ ಹೊರಟೆ. ಆರನೆಯದರ ಬೆಸುಗೆ ಬಿಟ್ಟಿದ್ದರಿಂದ ಅದು ಅಂಗಡಿಯಲ್ಲೇ ಉಳಿಯಿತು. ಅಮೀರ್‌ಪೇಟೆವರೆಗೆ ಷೇರ್ ಆಟೋದಲ್ಲಿ ಹೋದೆ. ಆಟೋದಲ್ಲಿ ನನ್ನನ್ನು ಸೇರಿಸಿ ಆರು ಜನ ಇದ್ದರು, ಬ್ಯಾಗನ್ನು ಸೀಟಿನ ಹಿಂದೆ ಇಡಲು ಡ್ರೈವರ್ ಹೇಳಿದ. ಇಳಿದು, ಗಚ್ಚಿಬೌಲಿಯ ಬಸ್ಸು ಹತ್ತಿ, ಎರಡನೇ ಸ್ಟಾಪಿನಲ್ಲಿ ಬ್ಯಾಗು ಇಲ್ಲ ಎಂದು ಗೊತ್ತಾಯಿತು. ಓಡುತ್ತಾ ವಾಪಸ್ ಬಂದೆ. ಆಟೋ ಇರಲಿಲ್ಲ.

ಬ್ಯಾಗಿನಲ್ಲಿ ನನ್ನ ಐಡಿ ಕಾರ್ಡೂ ಇತ್ತು. ಸೋಮವಾರ ಪರೀಕ್ಷೆ. ಪೊಲೀಸ್ ದೂರಿನ ಪ್ರತಿ ತಂದರೆ ಮಾತ್ರ ಬೇರೆ ಕಾರ್ಡು ಕೊಡುತ್ತೇವೆ ಎಂದು ಹಾಸ್ಟೆಲ್ ಆಫೀಸಿನಲ್ಲಿ ಹೇಳಿದರು. ಅದಕ್ಕಾಗಿ ಇಂದು ಬೆಳಿಗ್ಗೆ 10-25ಕ್ಕೆ ಈ ಠಾಣೆಗೆ ಬಂದೆ. ಕಾರ್ಡು ಕಳೆದಿದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಬ್ಯಾಗಿನಲ್ಲಿ ಇನ್ನೇನಿತ್ತು ಎಂದು ಡ್ಯೂಟಿಯಲ್ಲಿದ್ದ ಕಾನ್‌ಸ್ಟೇಬಲ್‌ರವರು ತೆಲುಗಿನಲ್ಲಿ ಕೇಳಿದರು. ಪೊಲೀಸರಿಗೆ ಏನೂ ಮುಚ್ಚಿಡಬಾರದು ಎಂದು ನಾನು ಎಲ್ಲವನ್ನೂ ಹೇಳಿದೆ.

ನಮ್ಮ ಮಾತು ಹೀಗೆ ನಡೆಯಿತು. ಕ್ಯಾಸೆಟ್ ಇತ್ತು ಎಂದೆ. ಏನು ಕ್ಯಾಸೆಟ್ ಎಂದರು. ‘ಇಂಕಾ ರಿಲೀಸ್ ಕಾಲೇದು ಸರ್’ ಎಂದೆ, ಅಂದರೆ ಇನ್ನೂ ಬಿಡುಗಡೆ ಆಗಿಲ್ಲ. ಅವರು ಬರೆಯುವುದನ್ನು ನಿಲ್ಲಿಸಿದರು. ಏನಿದೆ ಅದರಲ್ಲಿ ಎಂದರು. ‘ಆಟ’ ಎಂದೆ. ಆಟಕ್ಕೆ ತೆಲುಗಿನಲ್ಲೂ ಆಟ ಎನ್ನುತ್ತಾರೆ ಎಂಬುದು ನನಗೆ ಗೊತ್ತಿದ್ದ ಕೆಲವೇ ಪದಗಳಲ್ಲಿ ಒಂದು, ಅದನ್ನು ಧೈರ್ಯವಾಗಿ ಹೇಳಿದೆ. ದಿನಕ್ಕೆ ಎಷ್ಟು ಆಟ ಎಂದು ಕೇಳಿದರು. ನಾನು ದಿನಕ್ಕೆ ಎರಡು, ಭಾನುವಾರ ನಾಲ್ಕು ಎಂದೆ. ಯಾರಿಗೆ ತೋರಿಸುತ್ತೀ ಎಂದರು. ಇಡೀ ಹಾಸ್ಟೆಲಿಗೆ, ಕಾಮನ್ ರೂಮಿನಲ್ಲಿ ಎಂದೆ. ಯಾರು ಕಾಪಿ ಮಾಡಿಕೊಟ್ಟರು ಎಂದರು. ಶಾಂತಪ್ಪನವರ ಹೆಸರು, ಅಂಗಡಿಯ ಗಲ್ಲಿ, ಅಂಗಡಿ ತೆರೆಯುವ ವೇಳೆ ಎಲ್ಲ ಹೇಳಿದೆ. ಸಣ್ಣ ನಕಾಶೆಯನ್ನೂ ಬರೆದುಕೊಟ್ಟೆ.

10-50ಕ್ಕೆ ನನ್ನನ್ನು ಬೆಂಚಿನ ಮೇಲೆ ಕೂರಲು ಹೇಳಿ ಇಬ್ಬರು ಜೀಪಿನಲ್ಲಿ ಹೋದರು. ಕಳೆದುಹೋದ ಬ್ಯಾಗಿಗೆ ಇಷ್ಟು ಬೇಗ ಹುಡುಕಾಟ ಶುರುವಾಯಿತಲ್ಲ ಎಂದು ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ.

12-20ಕ್ಕೆ ಜೀಪು ವಾಪಸ್ ಬಂತು. ಶಾಂತಪ್ಪನವರು ಇಳಿದರು. ಅವರ ಕೈಯಲ್ಲಿ ಅಂಗಡಿಯ ಕೀಲಿ ಇತ್ತು. ಹಿಂದೆ ಒಂದು ಗೋಣಿಚೀಲದಲ್ಲಿ ಟಿವಿ ಗೇಮು, ಚಿಪ್ಪಿಗೆ ಬರೆಯುವ ಯಂತ್ರ ಮತ್ತು ಆರನೆಯ ಕ್ಯಾಸೆಟ್ ಇದ್ದವು. ನನ್ನ ಪರವಾಗಿ ಸಾಕ್ಷಿ ಹೇಳಲು ಕರೆತಂದಿದ್ದಾರೆ ಎಂದು ತಿಳಿದು ನಾನು ಎದ್ದು ನಿಂತು ನಕ್ಕೆ. ಶಾಂತಪ್ಪನವರು ನನ್ನನ್ನು ನೋಡಿ, ‘ಏನಪಾ ತಮ್ಮಾ, ನಾ ಸಿನಿಮಾ ಯಾವಾಗ ತಗದೀನಿ?’ ಎಂದು ಕೇಳಿದರು.

ಆಗಲೂ ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಕಾನ್‌ಸ್ಟೇಬಲ್‌ರವರು ಬಿಡುಗಡೆಯಾಗದ ತೆಲುಗು ಸಿನಿಮಾದ ಕಳ್ಳ ಕಾಪಿ ಎಂದು ಫೋನಿನಲ್ಲಿ ಹೇಳಿದಾಗ. ಎಸ್.ಐ. ಸಾಹೇಬರು ಮೂರು ಗಂಟೆಗೆ ಬರುತ್ತಾರೆ, ಅವರು ಸಹಿ ಮಾಡಿದರೆ ಸಂಜೆ ಆರಕ್ಕೆ ಕೇಸು ಪೈರಸಿ ವಿಭಾಗದವರ ಕೈಗೆ ಹೋಗುತ್ತದೆ, ನಾಳೆ ಭಾನುವಾರ, ಮುದುಕ ಸೋಮವಾರದವರೆಗೆ ಒಳಗೇ ಎಂದು ಅವರು ಹೇಳಿದರು. ಗೇಮ್, ಗೇಮ್ ಎಂದು ಹೇಳಿದೆ. ಈಗ ಗೇಮ್ ಆಡಬೇಡ ಎಂದರು. ಶಾಂತಪ್ಪನವರು ತೆಲುಗು ಚೆನ್ನಾಗಿ ಬಲ್ಲವರು. ಅವರು ಮೊದಲು ಕೇಳಿಕೊಂಡದ್ದು ತಮ್ಮ ವಿಷಯ ಅಲ್ಲ. ಈ ಹುಡುಗನಿಗೆ ಸೋಮವಾರ ಪರೀಕ್ಷೆ ಇದೆ, ಕಾಗದ ಕೊಟ್ಟು ಕಳಿಸಿರಿ, ನಾನು ಇಲ್ಲೇ ಕೂರುತ್ತೇನೆ ಎಂದು ಹೇಳಿದರು. ಇದನ್ನು ದಯವಿಟ್ಟು ತೆಲುಗಿಗೆ ಮಾಡುವಾಗ ಬಿಡಬಾರದು.

12-45ಕ್ಕೆ ಕಾನ್‌ಸ್ಟೇಬಲ್‌ರವರು ಕ್ಯಾಸೆಟ್ ಬಿಚ್ಚಿ, ಚಿಪ್ಪಿನ ಮೇಲಿನ ಪಟ್ಟಿ ಕಿತ್ತು, ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟರು. ಅಲ್ಲಿ ಬಿಸಿಲು ಇತ್ತು. ಶಾಂತಪ್ಪನವರು, ‘ಸಾಹೇಬ್ರ, ಅದರ ಕಣ್ಣ ಮುಚ್ರಿ, ಬಿಸಲ ಬೀಳಾಕತ್ತೈತಿ’ ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ಮುಟ್ಟಕೂಡದು ಎಂದು ಉತ್ತರ ಬಂತು. ಒಂದು ತಾಸಿನ ಬಿಸಿಲಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಅದನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ ನನ್ನ ನೆರಳು ಚಿಪ್ಪಿನ ಮೇಲೆ ಬೀಳುವ ಹಾಗೆ ಕಿಟಕಿಯ ಹತ್ತಿರ ನಿಂತೆ. ಮೂರು ಸಲ ಕೂರಲು ಹೇಳಿದರು. ನಿಂತೇ ಇರುತ್ತೇನೆ ಸರ್ ಎಂದೆ. ಬಿಸಿಲು ಸರಿದ ಹಾಗೆ ಸರಿಯುತ್ತಾ 1-40ರವರೆಗೆ ನಿಂತೆ.

1-40ಕ್ಕೆ ಶಾಂತಪ್ಪನವರ ಹೆಂಡತಿ ಸೂಗಮ್ಮನವರು ಊಟದ ಡಬ್ಬಿ ತಂದರು. ಶಾಂತಪ್ಪನವರಿಗೆ ಸಕ್ಕರೆ ಕಾಯಿಲೆ, ಒಂದು ಗಂಟೆಗೆ ಊಟ ಆಗಬೇಕು. ಪೊಲೀಸರಿಗೆ ಅಂಗಡಿ ತೋರಿಸಿದವನು ಇವನೇ ಎಂದು ಕಾನ್‌ಸ್ಟೇಬಲ್‌ರವರು ಅವರಿಗೆ ಹೇಳಿದರು. ಸೂಗಮ್ಮನವರು ನನ್ನನ್ನು ನೋಡಿ, ‘ಇಷ್ಟ ಸಾಲಿ ಕಲ್ತಿ, ಮಾತಾಡೂದೊಂದ ಬಿಟ್ಟು ಎಲ್ಲಾ ಕಲಿಸ್ಯಾರೇನ ನಿಮಗ?’ ಎಂದರು. ಅವರು ಜೋಳದ ರೊಟ್ಟಿ ಎರಡು ತುಂಡು ಮಾಡಿ, ಪುಂಡಿಪಲ್ಯೆ ಹಾಕಿ, ಒಂದು ಗಂಡನಿಗೆ ಕೊಟ್ಟು ಇನ್ನೊಂದು ನನ್ನ ಕೈಯಲ್ಲಿ ಇಟ್ಟರು. ನಿಂತು ತಿನಬ್ಯಾಡ, ಕೂಡು ಎಂದರು. ಆಗ ಕುಳಿತೆ.

2-15ಕ್ಕೆ ಹಣಮಂತರಾಯ ಸಾಹೇಬರು ಬಂದೋಬಸ್ತಿನಿಂದ ವಾಪಸ್ ಬಂದರು. ಮೇಜಿನ ಮೇಲಿದ್ದ ಚೀಟಿಯನ್ನು ಜೋರಾಗಿ ಓದಿದರು. ‘ಬಿಡುಗಡೆಯಾಗದ್ದು – ಆರು. ಯಾರಪಾ ಇದನ್ನ ಬರದಂವ?’ ಎಂದರು. ನಾನು ಎಂದೆ. ಬೆಳಿಗ್ಗೆ ಏನೇನು ಹೇಳಿದೆಯೋ ಎಲ್ಲ ಮತ್ತೆ ಹೇಳು ಎಂದರು. ದಿನಕ್ಕೆ ಎರಡು ಆಟ ಎಂಬಲ್ಲಿಗೆ ಬಂದಾಗ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ‘ಲೇ ತಮ್ಮಾ, ಇಲ್ಲಿ ಆಟ ಅಂದ್ರ ಥೇಟರಿನ ಆಟನೂ ಹೌದಲೇ! ಮಾರ್ನಿಂಗ್ ಆಟ, ಮ್ಯಾಟ್ನಿ ಆಟ! ರಿಲೀಸ್ ಆಗದ್ದು ದಿನಾ ಎರಡಾಟ ಹಾಸ್ಟೆಲಿಗೆ ತೋರಸ್ತೀನಿ ಅಂದ್ರ, ನೀ ಥೇಟರ್ ಇಟ್ಟೀನಿ ಅಂತ ಬರಕೊಟ್ಟಂಗಾತು!’ ಎಂದರು. ಶಾಂತಪ್ಪನವರು ನಕ್ಕರು. ಊಟ ಆದ ಮೇಲೆ ಅವರ ಮುಖ ಸ್ವಲ್ಪ ಸರಿಯಾಗಿತ್ತು. ‘ಈಗ ನೋಡ್ರಿ, ಬಿಡುಗಡೆಯಾಗದ್ದು ಏಳನೇದು ನಾನಽ’ ಎಂದರು. ಸೂಗಮ್ಮನವರು ನಗಲಿಲ್ಲ.

3-05ಕ್ಕೆ ಎಸ್.ಐ. ಸಾಹೇಬರು ಬಂದರು. ಹಣಮಂತರಾಯ ಸಾಹೇಬರು ಎಲ್ಲ ಹೇಳಿ, ಹಾಕಿ ನೋಡೋಣವೇ ಎಂದು ಕೇಳಿದರು. ಠಾಣೆಯ ಟಿವಿಯಲ್ಲಿ ಸುದ್ದಿ ನಿಲ್ಲಿಸಿ ಗೇಮು ಜೋಡಿಸಿದೆವು. ಬೆಸುಗೆಯನ್ನು ಶಾಂತಪ್ಪನವರು ನಿನ್ನೆ ರಾತ್ರಿಯೇ ಸರಿ ಮಾಡಿದ್ದರಂತೆ. ಎರಡು ಸೆಕೆಂಡು ಪರದೆ ಕಪ್ಪಾಗಿತ್ತು. ಆಮೇಲೆ ಒಂದು ನದಿ ಬಂತು, ಒಂದು ದೋಣಿ ಬಂತು. ಜನರನ್ನು ಹತ್ತಿಸಿಕೊಂಡು ಬಂಡೆಗಳನ್ನು ತಪ್ಪಿಸಿ ದಡ ಸೇರಿಸುವ ಆಟ. ಹೀರೋ ಯಾರು ಎಂದು ಕಾನ್‌ಸ್ಟೇಬಲ್‌ರವರು ಅನುಮಾನದಿಂದ ಕೇಳಿದರು. ಶಾಂತಪ್ಪನವರು ದೋಣಿ ತೋರಿಸಿದರು. ಕಾನ್‌ಸ್ಟೇಬಲ್‌ರವರೇ ಆಡಿ ನೋಡಲಿ ಎಂದು ಎಸ್.ಐ. ಸಾಹೇಬರು ಹೇಳಿದರು. ಅವರು ಎರಡು ಸಲ ಮುಳುಗಿ, ಇನ್ನೊಂದು ಸಲ ಎಂದು ಕೇಳಿ, ಮೂರನೇ ಸಲಕ್ಕೆ ದಡ ಸೇರಿದರು. ದೋಣಿ ದಡದಲ್ಲಿ ನಿಂತಿತು, ಯಾರೂ ಇಳಿಯಲಿಲ್ಲ. ಮುಂದೇನು ಎಂದರು. ಮುಂದಿನದನ್ನು ಕಂಪನಿಯವರು ಮಾಡಲೇ ಇಲ್ಲ ಸರ್, ಇಷ್ಟೇ ಇರುವುದು ಎಂದೆ.

ಸಿನಿಮಾ ಅಲ್ಲದಿದ್ದರೂ ಇದು ಕಾಪಿಯೇ ಅಲ್ಲವೇ ಎಂದು ಎಸ್.ಐ. ಸಾಹೇಬರು ನನ್ನನ್ನು ಕೇಳಿದರು. ಹೌದು, ಕಾಪಿ. ಇದನ್ನು ಮಾಡಿದ ಕಂಪನಿ ಮುಚ್ಚಿದೆ ಎಂದು ಓದಿದ್ದೇನೆ, ಈಗ ಹಕ್ಕು ಯಾರದು ಎಂದು ನನಗೆ ಗೊತ್ತಿಲ್ಲ. ಫೈಲು ತಂದವನು ನಾನು, ಮಾಡಿಕೊಡಿ ಎಂದು ಕೇಳಿದವನೂ ನಾನು. ಶಾಂತಪ್ಪನವರು ಇದನ್ನು ಬೇರೆ ಯಾರಿಗೂ ಮಾಡಿಕೊಟ್ಟಿಲ್ಲ, ಮಾರಿಲ್ಲ. ಇನ್ನು ಮುಂದೆ ಮಾರಕೂಡದು ಎಂದು ಎಸ್.ಐ. ಸಾಹೇಬರು ಹೇಳಿದಾಗ, ‘ಇದನ್ನ ತಗೊಳ್ಳಾಕ ಇನ್ನೊಬ್ಬ ಹುಚ್ಚ ಎಲ್ಲಿ ಸಿಗತಾನ್ರೀ’ ಎಂದು ಶಾಂತಪ್ಪನವರು ನನ್ನ ಕಡೆ ಕೈ ತೋರಿಸಿದರು. ಹಕ್ಕಿನವರು ಯಾರಾದರೂ ದೂರು ಕೊಟ್ಟರೆ ಆಗ ನೋಡೋಣ, ಬೆಳಿಗ್ಗೆ ಆದ ತಪ್ಪನ್ನು ಹುಡುಗ ಬರೆದುಕೊಡಲಿ ಎಂದು ಎಸ್.ಐ. ಸಾಹೇಬರು ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾನ್‌ಸ್ಟೇಬಲ್‌ರವರ ಮೇಲೆ ನನ್ನ ದೂರು ಏನೂ ಇಲ್ಲ. ನಾನು ಹೇಳಿದ್ದನ್ನೇ ಅವರು ನಂಬಿದರು. ಹಣಮಂತರಾಯ ಸಾಹೇಬರು ಒಂದು ಚೀಟಿ ಓದಿದ್ದಕ್ಕೆ, ಎಸ್.ಐ. ಸಾಹೇಬರು ಸಹಿ ಮಾಡುವ ಮೊದಲು ನೋಡಿದ್ದಕ್ಕೆ, ಸೂಗಮ್ಮನವರ ಅರ್ಧ ರೊಟ್ಟಿಗೆ ನಾನು ಋಣಿ. ಶಾಂತಪ್ಪನವರ ವಿಷಯಕ್ಕೆ ಬರೆಯಬೇಕಾದ ಪದ ನನಗೆ ಯಾವ ಭಾಷೆಯಲ್ಲೂ ಗೊತ್ತಿಲ್ಲ. ಕಳೆದ ಐದು ಕ್ಯಾಸೆಟ್‌ಗಳಿಗಾಗಿ ನನ್ನ ಕಣ್ಣಲ್ಲಿ ನೀರು ಬಂದಾಗ ಅವರು, ‘ಅಳಾಕ ಅದೇನ ಅಸಲೇನು? ನಕಲೈತಿ, ಮತ್ತ ಮಾಡೂಣು’ ಎಂದರು. ಹಾಗಿದ್ದರೂ ಬ್ಯಾಗು ಸಿಕ್ಕರೆ ಗುರುತಿಗೆ: ನೀಲಿ ಬಣ್ಣ, ಒಂದು ಜಿಪ್ಪು ಕೆಟ್ಟಿದೆ, ಒಳಗಿನ ಐದೂ ಡಬ್ಬಿಗಳ ಮೇಲೆ ನನ್ನ ಅಕ್ಷರ. ಐಡಿ ಕಾರ್ಡಿಗಾಗಿ ಈ ದೂರಿನ ಪ್ರತಿ ಕೊಡಬೇಕಾಗಿ ವಿನಂತಿ.

ಇಷ್ಟನ್ನೂ ಯಾರ ಒತ್ತಾಯವಿಲ್ಲದೆ, ನೆನಪಿದ್ದ ಮಟ್ಟಿಗೆ ಬಿಡದೆ, ಸೇರಿಸದೆ ಬರೆದಿದ್ದೇನೆ. ಹಣಮಂತರಾಯ ಸಾಹೇಬರು ಶಾಂತಪ್ಪನವರಿಗೆ ಓದಿ ಹೇಳಿದರು. ಅವರು ಕನ್ನಡಕ ಹಾಕಿಕೊಂಡು ತಾವೂ ಒಮ್ಮೆ ನೋಡಿ, ಬಿಡುಗಡೆ ಈ ಸಲ ಸರಿ ಬರದೀ ಎಂದರು.

ಷರಾ: ಈ ಹಾಳೆಯ ಕೆಳಗಿನ ಬಲಮೂಲೆ ಹರಿದಿದೆ. ಅದನ್ನು 5-05ಕ್ಕೆ ಎಸ್.ಐ. ಸಾಹೇಬರ ಅಪ್ಪಣೆ ಪಡೆದು ಶಾಂತಪ್ಪನವರೇ ಹರಿದು, ಕ್ಯಾಸೆಟ್ಟಿನ ಕಣ್ಣಿಗೆ ಅಂಟಿಸಿದ್ದಾರೆ. 5-10ಕ್ಕೆ ಅವರು ಕೀಲಿ ತೆಗೆದುಕೊಂಡು ಸೂಗಮ್ಮನವರ ಜೊತೆ ಅಂಗಡಿಗೆ ಹೋದರು. ಆರನೆಯ ಕ್ಯಾಸೆಟ್ ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದಾರೆ.

ಸ್ಥಳ: ಹೈದರಾಬಾದ್
ದಿನಾಂಕ: 17-11-2007
(ಸಹಿ) ತರುಣ