ಗಿಣಿ ಓದಿದ ಹವಾಮಾನ

...ನೋಡು, ಮತ್ತೆ ಅವಳೇ. ಆಸ್ಪತ್ರೆ ಟಿವಿಯಲ್ಲೂ ಆ ಗಿಣಿಯ ಮುಖವೇ ನೋಡಬೇಕಾ ನಾನು? ಸ್ವಲ್ಪ ಆಚೆ ಸರಿ, ಕೂತ್ಕೋತೀನಿ. ನಿಮ್ಮಮ್ಮ ನಿದ್ದೆ ಮಾಡ್ತಿದ್ದಾರೆ. ಮೈಕಾವು ಇಳೀತಿದೆ ಅಂತ ನರ್ಸ್ ಹೇಳಿದಳು. ನೀನು ಈ ಜ್ಯೂಸ್ ಕುಡಿ ಮೊದಲು.

ಯಾಕೆ ನಗ್ತೀಯಾ? ಗಿಣಿ ಅಂದಿದ್ದಕ್ಕಾ? ಬರೆದುಕೊಟ್ಟಿದ್ದನ್ನ ಹಾಗೇ ಒಪ್ಪಿಸೋಳನ್ನ ಮತ್ತೇನನ್ನಲಿ... ನಿನ್ನೆ ಮೊನ್ನೆ ನಮ್ಮ ಚಾನೆಲ್‌ಗೆ ಬಂದವಳು, ಮಧ್ಯಾಹ್ನದ ಹವಾಮಾನ ಪೂರ್ತಿ ಅವಳ ಪಾಲಾಯ್ತು. ನನ್ನನ್ನ ಬೆಳಗಿನ ಜಾವಕ್ಕೆ ತಳ್ಳಿದರು. ಆ ಹೊತ್ತಲ್ಲಿ ಯಾರು ನೋಡ್ತಾರೆ, ಹಾಲಿನವನಾ? ದಿನಾ ಅವಳ ಮುಖಕ್ಕೆ ಬಣ್ಣ ಹಚ್ಚೋಳು ನೀನು. ನೀನೇ ಹೇಳು, ಏನಿದೆ ಅವಳಲ್ಲಿ?

ನಾನು ನಕ್ಷೆ ಮುಂದೆ ನಿಂತರೆ ಇಡೀ ಖಂಡವನ್ನ ಅಂಗೈಲಿಟ್ಟು ತೋರಿಸ್ತಿದ್ದೆ. ಕರಾವಳಿ ಯಾಕೆ ನಿಧಾನವಾಗಿ ಕಾಯುತ್ತೆ, ಸಮುದ್ರದಿಂದ ದೂರ ಹೋದ ಹಾಗೆ ಒಳನಾಡು ಹೇಗೆ ಬಾಣಲೆ ಆಗುತ್ತೆ, ಬೆಟ್ಟದ ಸಾಲು ತಂಪುಗಾಳಿಯನ್ನ ಎಲ್ಲಿ ತಡೆಯುತ್ತೆ... ಈ ವರ್ಷ ಬಿಸಿಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಖಂಡದ ಮೇಲೆ ಕೂತಿದೆ. ಅದು ಯಾಕೆ ಅಂತ ಹೇಳ್ತಾಳಾ? ಅರ್ಧ ನಕ್ಷೆಗೆ ಅಡ್ಡ ನಿಂತ್ಕೊಂಡು "ಬಿಸಿಲು ಜೋರು" ಅಂತಾಳೆ. ಅದಕ್ಕೆ ಕಿಟಕಿ ತೆಗೆದರೆ ಸಾಲದಾ? ಆದರೂ ಜನ ಅವಳನ್ನೇ ಕೇಳ್ಕೊಂಡು ಫೋನ್ ಮಾಡ್ತಾರೆ.

ಹೊಟ್ಟೆಕಿಚ್ಚಾ? ನನಗಾ? ಸರಿ, ನೀನು ಹಾಗಂದಿಲ್ಲ, ನಿನ್ನ ಹುಬ್ಬು ಅಂದಿತು. ನೋಡು, ಅವಳ ಕಾರ್ಯಕ್ರಮ ಬಂದರೆ ನಾನು ಟಿವಿಯನ್ನೇ ಹಾಕಲ್ಲ.

ಅಯ್ಯೋ, ಕೈ ಬಿಡು, ಅಳಬೇಡ. ನಾನೇನು ದೊಡ್ಡ ಕೆಲಸ ಮಾಡಿದೆ? ನೀನು ಕೆಲಸಕ್ಕೆ ಹೋಗಿದ್ದೆ, ನಾನು ಒಂಚೂರು ಐಸ್ ಕೇಳೋಣ ಅಂತ ಮಹಡಿಯಿಂದ ಇಳಿದು ಬಂದೆ, ಅಷ್ಟೇ. ಬಾಗಿಲು ತಟ್ಟಿದೆ. ತೆಗೀಲಿಲ್ಲ. ಮಲಗಿರಬೇಕು ಅಂತ ವಾಪಸ್ ಹೊರಟಿದ್ದೆ ಕೂಡ. ಆದರೆ ವಯಸ್ಸಾದವರಿಗೆ ತಮಗೆ ಸುಸ್ತಾಗಿದೆ ಅಂತಲೇ ಗೊತ್ತಾಗಲ್ಲ, ತಟ್ಟಿ ಸುಮ್ಮನೆ ಬರಬೇಡಿ, ಕಿಟಕಿಯಲ್ಲಿ ಬಗ್ಗಿ ನೋಡಿ... ಹಾಗಂತ ಕೇಳಿದ್ದು ನೆನಪಾಯ್ತು. ಬಗ್ಗಿ ನೋಡಿದೆ. ನಿಮ್ಮಮ್ಮ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದರು. ಮನೆ ಮಾಲೀಕರನ್ನ ಕೂಗಿ ಬಾಗಿಲು ಒಡೆಸಿದೆ. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ ಅಂದಿದ್ದಳಲ್ಲ, ಅದಕ್ಕೇ ಹಾಕಲಿಲ್ಲ...

ಯಾಕೆ ಹಾಗೆ ನೋಡ್ತೀಯಾ?

ಯಾರು ಅಂದ್ರೆ... ಯಾರೋ ಡಾಕ್ಟರಮ್ಮ. ಎಲ್ಲೋ ಕೇಳಿದ್ದು.

ಟಿವಿ ಕಡೆ ಯಾಕೆ ಬೆರಳು ತೋರಿಸ್ತೀಯಾ ಮಾರಾಯ್ತಿ?

...ಹೂಂ. ಅವಳನ್ನ ನೋಡ್ತೀನಿ. ದಿನಾ ನೋಡ್ತೀನಿ. ನಿಮ್ಮನೆಗೆ ಕೇಳಿಸಬಾರದು ಅಂತ ಸೌಂಡ್ ಕಮ್ಮಿ ಇಟ್ಟು, ಕುರ್ಚಿ ಹತ್ತಿರ ಎಳ್ಕೊಂಡು. ತಪ್ಪು ಹುಡುಕೋಕೇ ಕೂರೋದು. ನಿನ್ನೆ ಒಂದೂ ಸಿಗಲಿಲ್ಲ. "ಇವತ್ತು ನಕ್ಷೆ ಬೇಡ, ಈಗಲೇ ಎದ್ದು ಅಕ್ಕಪಕ್ಕದ ಮನೆ ಬಾಗಿಲು ತಟ್ಟಿ ಬನ್ನಿ" ಅಂದಳು. ನನ್ನ ಕಾಲು ತಾನಾಗೇ ಎದ್ದುಬಿಡ್ತು. ಐಸೂ ಇಲ್ಲ, ಗೀಸೂ ಇಲ್ಲ.

ಆದರೆ ಒಂದು ಹೇಳ್ತೀನಿ. ಆ ಮಾತು ನನಗೆ ಯಾಕೆ ಹೊಳೀಲಿಲ್ಲ ಅಂತ, ಮೆಟ್ಟಿಲು ಇಳಿಯುವಾಗಲೂ ಹೊಟ್ಟೆ ಉರೀತಿತ್ತು ಕಣೇ.